ಒಳವಾಸಿ ಶಿಲೀಂಧ್ರಗಳು ಮತ್ತು ತರಗೆಲೆಯ ಕೊಳೆತ: ಅಧ್ಯಯನದ ಇತಿಹಾಸ

ಜೀವಂತ ಗಿಡದ ಎಲೆ, ಕಾಂಡ, ಬೇರುಗಳೊಳಗೆ ರೋಗಲಕ್ಷಣ ತೋರದೆ ನೆಲೆಸುವ ಶಿಲೀಂಧ್ರಗಳನ್ನು ಒಳವಾಸಿ ಶಿಲೀಂಧ್ರ ಅಥವಾ ಎಂಡೋಫೈಟ್ ಎನ್ನುತ್ತಾರೆ. ಎಲೆ ಉದುರಿದ ಮೇಲೆ ಇವು ಕೊಳೆತವನ್ನು ಚುರುಕುಗೊಳಿಸುತ್ತವೆಯೋ ತಡೆಯುತ್ತವೆಯೋ ಎಂಬುದರಲ್ಲಿ ಆಕರಗಳು ಒಮ್ಮತದಲ್ಲಿಲ್ಲ. ಹುಲ್ಲಿನ ಒಳವಾಸಿಗಳನ್ನೂ ಮರದ ಎಲೆಯ ಒಳವಾಸಿಗಳನ್ನೂ ಒಂದೇ ಗುಂಪಾಗಿ ಎಣಿಸಿದ್ದರಿಂದಲೇ ಈ ಗೊಂದಲ ಬಹುಮಟ್ಟಿಗೆ ಹುಟ್ಟಿದೆ.

ಹತ್ತೊಂಬತ್ತನೆಯ ಶತಮಾನದಲ್ಲೇ ಡಿ ಬಾರಿ ಮುಂತಾದ ಜರ್ಮನ್ ಸಸ್ಯವಿಜ್ಞಾನಿಗಳು ಇಂಥ ಶಿಲೀಂಧ್ರಗಳನ್ನು ಬಲ್ಲವರಾಗಿದ್ದರು. ತರಗೆಲೆಯೊಂದಿಗಿನ ನಂಟು ಬೆಳಕಿಗೆ ಬಂದದ್ದು ಬಹಳ ತಡವಾಗಿ. 1962ರಲ್ಲಿ ಕೆಂಡ್ರಿಕ್ ಮತ್ತು ಬರ್ಜಸ್ ಇಂಗ್ಲೆಂಡಿನ ಸ್ಕಾಟ್ಸ್ ಪೈನ್ ಸೂಜಿಯೆಲೆಗಳ ಕೊಳೆತವನ್ನು ಹಂತಹಂತವಾಗಿ ದಾಖಲಿಸಿದಾಗ, ಎಲೆ ಮರದ ಮೇಲಿರುವಾಗಲೇ ಲೋಫೋಡರ್ಮಿಯಂ ಎಂಬ ಶಿಲೀಂಧ್ರ ಅದನ್ನು ಹೊಕ್ಕಿರುತ್ತದೆ ಎಂಬುದು ಸ್ಪಷ್ಟವಾಯಿತು. 1970ರ ದಶಕದ ಕೊನೆಗೆ ಒರೆಗಾನ್‌ನ ಜಾರ್ಜ್ ಕ್ಯಾರಲ್ ಇಂಥ ಒಳವಾಸಿಗಳು ಸೂಚಿಪರ್ಣಿ ಮರಗಳಲ್ಲಿ ಸರ್ವೇಸಾಮಾನ್ಯ ಎಂದು ತೋರಿಸಿದರು.

ಕರ್ನಾಟಕದ ಪಾಲು ತೊರೆಗಳ ಕಡೆಯಿಂದ ಬಂತು. ನೀರಿಗೆ ಬಿದ್ದ ಎಲೆಗಳನ್ನು ಕೊಳೆಸುವ ಶಿಲೀಂಧ್ರಗಳನ್ನು ಇಂಗೋಲ್ಡ್ 1942ರಲ್ಲಿ ವರ್ಣಿಸಿದ್ದರು. ಅದೇ ಗುಂಪಿನವು ಜೀವಂತ ಬೇರುಗಳೊಳಗೂ ಇರುತ್ತವೆಂದು ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಬೇರ್‌ಲೋಹರ್ 1992ರಲ್ಲಿ ಸ್ಪ್ರೂಸ್, ಬರ್ಚ್, ಮೇಪಲ್ ಮರಗಳಲ್ಲಿ ತೋರಿಸಿದರು. 1996ರಲ್ಲಿ ಭಾರತದ ತೋಟದ ಬೆಳೆಗಳು ಮತ್ತು ಜರೀಗಿಡಗಳ ಬೇರುಗಳಿಂದಲೂ ವರದಿ ಬಂತು. ಸಾಮಾನ್ಯ ಸಮೀಕ್ಷೆಗಳು ಈ ಎಳೆಯನ್ನು ಬಿಟ್ಟುಬಿಡುವುದೇ ಹೆಚ್ಚು.

ನಿಜವಾದ ತಿರುವು 2004ರದು. ಅರ್ಜೆಂಟೀನಾದ ಒಮಾಚಿನಿ ತಂಡ ಲೋಲಿಯಂ ಹುಲ್ಲಿನಲ್ಲಿ, ಮರುವರ್ಷ ಅಮೆರಿಕದ ಲೆಮನ್ಸ್, ಕ್ಲೇ, ರಡ್ಜರ್ಸ್ ಟಾಲ್ ಫೆಸ್ಕ್ಯೂ ಹುಲ್ಲಿನಲ್ಲಿ ಒಂದೇ ಫಲಿತಾಂಶ ಕಂಡರು: ಶಿಲೀಂಧ್ರವಿದ್ದ ಹುಲ್ಲಿನ ಕಸ ನಿಧಾನವಾಗಿ ಕೊಳೆಯಿತು. ಈ ಶಿಲೀಂಧ್ರದಿಂದ ಹುಲ್ಲಿನಲ್ಲಿ ಉಂಟಾಗುವ, ದನಕರುಗಳಿಗೆ ವಿಷವಾಗುವ ಆಲ್ಕಲಾಯ್ಡ್‌ಗಳೇ ಮಣ್ಣಿನ ಜೀವಿಗಳನ್ನೂ ದೂರವಿಡುತ್ತವೆ ಎಂಬ ವಿವರಣೆ ಸಹಜವಾಗಿಯೇ ಮೂಡಿತು. ಆದರೆ 2010ರಲ್ಲಿ ಸೀಗ್ರಿಸ್ಟ್ ಮತ್ತು ಸಂಗಡಿಗರು ಕಾರಣ ಆಲ್ಕಲಾಯ್ಡ್ ಅಲ್ಲದಿರಬಹುದು ಎಂದರು. ಹಲವು ಬರಹಗಳು ಹಳೆಯ ವಿವರಣೆಯನ್ನೇ ಸಿದ್ಧಸತ್ಯವೆಂಬಂತೆ ಒಪ್ಪಿಸುತ್ತವೆ, ಅದು ಸರಿಯಲ್ಲ.

ಮರಗಳ ಕಥೆ ಬೇರೆ. 2005ರಲ್ಲಿ ಜಪಾನಿನ ಕೊಯ್ಡೆ, ಒಸೊನೊ, ತಕೆಡ ಕ್ಯಾಮೆಲಿಯಾ ತರಗೆಲೆಯ ಬಿಳಿಚಿದ ಭಾಗಗಳನ್ನು ಪರೀಕ್ಷಿಸಿದಾಗ, ಒಳವಾಸಿಗಳಾದ ಕೊಕ್ಕೊಮೈಸಿಸ್ ಮತ್ತು ಲೋಫೋಡರ್ಮಿಯಂ ಲಿಗ್ನಿನ್ ಕರಗಿಸುವುದು ಕಂಡಿತು. ಥಾಯ್ಲೆಂಡಿನ ಮ್ಯಾಗ್ನೋಲಿಯಾ ಎಲೆಗಳಲ್ಲಿ ಪ್ರೊಂಪುಟ್ಟಾ ತಂಡ 2007ರಲ್ಲಿ ಒಳವಾಸಿಗಳ ಮತ್ತು ಕೊಳೆಸುವವುಗಳ ಡಿಎನ್ಎ ಹೋಲಿಸಿ ಅವುಗಳ ನಿಕಟ ನಂಟನ್ನು ಗುರುತಿಸಿತು. ಗಾಡಿ ಹೊರಡುವ ಮೊದಲೇ ಸೀಟು ಹಿಡಿದವರಂತೆ, ಎಲೆ ನೆಲ ಮುಟ್ಟುವ ಮುನ್ನವೇ ಇವು ಒಳಗಿರುತ್ತವೆ.

ಹುಲ್ಲಿನ ಒಳವಾಸಿಯಾದ ಎಪಿಕ್ಲೋಯಿ ಬೀಜದ ಮೂಲಕ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ, ಅದರ ಬಾಳು ಜೀವಂತ ಗಿಡವನ್ನೇ ನಂಬಿದೆ. ಮರದ ಎಲೆಗೆ ಬೀಜಕಗಳು ಹೊರಗಿನಿಂದ ಬರುತ್ತವೆ, ಅಲ್ಲಿ ಸತ್ತ ಎಲೆಯೂ ಆಹಾರವೇ. 2011ರಲ್ಲಿ ಪುರಹೋಂಗ್ ಮತ್ತು ಹೈಡ್ ತಮ್ಮ ಸಮೀಕ್ಷೆಯಲ್ಲಿ ಹುಲ್ಲು ಮತ್ತು ಹುಲ್ಲೇತರ ಸಸ್ಯಗಳ ಕಸವನ್ನು ಬೇರ್ಪಡಿಸಿಯೇ ಚರ್ಚಿಸಿದರು. ಆನಂತರದ ಡಿಎನ್ಎ ಅನುಕ್ರಮಣ ಅಧ್ಯಯನಗಳು ಯಾವ ಶಿಲೀಂಧ್ರ ಎಲೆಯಲ್ಲಿದೆ ಎಂದು ಹೇಳುತ್ತವೆ; ಅದು ಎಷ್ಟು ಕೊಳೆಸಿತು ಎಂಬುದಕ್ಕೆ ಇಂದಿಗೂ ಎಲೆಯ ತೂಕದ ಇಳಿಕೆಯನ್ನು ಅಳೆಯುವ ಪ್ರಯೋಗವೇ ಬೇಕು.