ಬಳುವಳಿಯಿಂದ ಬಕ್ಷೀಸುಪತ್ರದವರೆಗೆ

ವಿವಾಹಕ್ಕೆ ಮುನ್ನ ವಧೂವರರಿಬ್ಬರೂ ತಮ್ಮ ತಮ್ಮ ಸ್ವತ್ತನ್ನು ಕುರಿತು ಕರಾರು ಬರೆದುಕೊಳ್ಳುವ ಪದ್ಧತಿಯು ಮನ್ಮನೆಯ ಸೀಮೆಯಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆಯ ನಾಡಿನಲ್ಲಿ, ರೂಢಿಯಲ್ಲಿದ್ದುದಲ್ಲ. ಇಲ್ಲಿ ಒಡಂಬಡಿಕೆಯಾಗುತ್ತಿದ್ದುದು ಮನೆ ಮನೆಗಳ ನಡುವೆ. ಮಾತನಾಡುತ್ತಿದ್ದವರು ಹಿರಿಯರು, ಸಾಕ್ಷಿಯಾಗಿ ನಿಲ್ಲುತ್ತಿದ್ದವರು ನೆಂಟರಿಷ್ಟರು. ಆದರೆ ಇಷ್ಟರಿಂದಲೇ ಸ್ತ್ರೀಗೆ ತನ್ನದೆಂಬ ಧನವಿರಲಿಲ್ಲವೆಂದು ಬಗೆಯುವುದು ಸಲ್ಲದು. ಬನವಾಸಿಯ ಮಧುಕೇಶ್ವರ ದೇವಾಲಯದ ನಾಗಶಿಲೆಯಲ್ಲಿ, ಚುಟು ಅರಸರ ಕಾಲದ ಪ್ರಾಕೃತ ಶಾಸನವೊಂದು, ಮಕ್ಕಳೊಂದಿಗಳಾದ ರಾಜಪುತ್ರಿಯೊಬ್ಬಳು ನಾಗ, ತಟಾಕ, ವಿಹಾರಗಳನ್ನು ತನ್ನ ಹೆಸರಿನಲ್ಲಿಯೇ ದಾನವಿತ್ತುದನ್ನು ಸಾರುತ್ತಿದೆ. ಅರಮನೆಯ ಮಾತು ಗುಡಿಸಲಿಗೆ ಸಲ್ಲದೆಂಬುದು ನಿಜ; ಆದರೂ ವಿವಾಹಿತೆಯು ದಾನಕ್ಕೆ ಅಧಿಕಾರಿಣಿಯೆಂಬ ಭಾವನೆಯು ಈ ನೆಲಕ್ಕೆ ಹೊಸತಲ್ಲ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಹಿಂದಿನ ಸ್ಮೃತಿಕಾರರು ಆರು ಬಗೆಯೆಂದು ಎಣಿಸಿದ್ದ ಸ್ತ್ರೀಧನವನ್ನು ವಿಸ್ತರಿಸಿ, ದಾಯದಿಂದಲೋ, ಕ್ರಯದಿಂದಲೋ, ವಿಭಾಗದಿಂದಲೋ ಅವಳಿಗೆ ಬಂದ ಧನವೂ ಸ್ತ್ರೀಧನವೇ ಎಂದನು. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಸೆರೆ, ಈ ನಾಲ್ಕರ ಹೊರತು ಪತಿಯು ಅದನ್ನು ತೆಗೆದುಕೊಂಡರೆ ಹಿಂದಿರುಗಿಸತಕ್ಕದ್ದು. ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ಸ್ಮೃತಿಕಾರ ಕಾತ್ಯಾಯನನ ವಿಧಿ: ಪತಿಯು ಪತ್ನಿಗೆ ಕೊಡುವೆನೆಂದು ಮಾತುಕೊಟ್ಟ ಧನವನ್ನು, ಅವನು ಕೊಡದೆ ಸತ್ತರೆ, ಮಕ್ಕಳು ಋಣದಂತೆ ತೀರಿಸಬೇಕು. ದಾಂಪತ್ಯದೊಳಗಿನ ಮಾತನ್ನು ಸಾಲಪತ್ರದ ಸಮಕ್ಕೆ ತಂದಿರಿಸಿದ ಈ ವಾಕ್ಯಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಹಾಗಿದ್ದರೂ ಮನ್ಮನೆಯ ಹೆಣ್ಣುಮಗಳಿಗೆ ತೋಟವೇಕೆ ಬರಲಿಲ್ಲ? ಉತ್ತರವು ಶಾಸ್ತ್ರದಲ್ಲಿಲ್ಲ, ಮಣ್ಣಿನಲ್ಲಿದೆ. ಅಡಕೆಯ ಸಸಿಯು ಫಲಕ್ಕೆ ಬರಲು ಹಲವು ವರ್ಷಗಳು ಬೇಕು. ತೋಟಕ್ಕೆ ಗೊಬ್ಬರದ ಸೊಪ್ಪು ಒದಗಿಸುವ ಬೆಟ್ಟವು, ಘಟ್ಟದ ಮೇಲೆ ಎಕರೆಗೆ 9 ಎಕರೆಯವರೆಗೆ, ತೋಟಕ್ಕೇ ಅಂಟಿಕೊಂಡಿರತಕ್ಕ ಹಕ್ಕು. ನೀರಿನ ಕಾಲುವೆ, ಅಡಕೆಯ ಅಂಗಳ, ದನದ ಕೊಟ್ಟಿಗೆಗಳೆಲ್ಲ ಒಂದೇ ಕುಟುಂಬದ ದುಡಿಮೆಯ ಅಂಗಗಳು. ಹೀಗೆ ಹೆಣೆದುಕೊಂಡ ಸ್ವತ್ತಿನಿಂದ ಒಂದು ಭಾಗವನ್ನು ಕಿತ್ತು ದೂರದ ಊರಿಗೆ ಹೋಗುವ ಮಗಳ ಕೈಗಿಡಲು ತಂದೆಯು ಹಿಂಜರಿಯುತ್ತಿದ್ದನು. ಆದುದರಿಂದ ಅವಳ ಭಾಗವು ಅವಲಕ್ಕಿ ಸರವಾಗಿ, ಪಾಟಲಿಯಾಗಿ, ತಾಮ್ರದ ಹಂಡೆಯಾಗಿ ಹೊರಟಿತು. ತವರಿನವರು ಇದನ್ನೇ ಪಾಲೆಂದು ತಿಳಿದರು. ಗಂಡನ ಮನೆಯವರು ಇದನ್ನು ಮನೆಯ ಬಂಗಾರವೆಂದು ತಿಳಿದರು. ಬೆಳೆ ಕೆಟ್ಟ ವರ್ಷ ಅಡವಿಗೆ ಹೋಗುತ್ತಿದ್ದುದೂ ಇದೇ. ಮರಳಿ ಬಂದಿತೇ ಎಂದು ಕೇಳುವ ಬಾಯಿ ಅವಳಿಗಿರಲಿಲ್ಲವೆಂಬುದು ನೋವಿನ ಸಂಗತಿ.

1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರಿಂದ ಹೆಣ್ಣುಮಕ್ಕಳಿಗೆ ಅನಿರೀಕ್ಷಿತವಾದ ಫಲವೊಂದು ದೊರೆಯಿತು. ಗಂಡುಸಂತಾನವಿಲ್ಲದ ತಂದೆಯ ಆಸ್ತಿ ಮಗಳಿಗೆ ಬಂದಾಗ, ಮದ್ರಾಸಿನಲ್ಲಿ ಅವಳಿಗೆ ಪರಿಮಿತವಾದ ಅಧಿಕಾರವಷ್ಟೆ. ಮುಂಬಯಿ ಹೈಕೋರ್ಟಿನ ಪೂರ್ಣಪೀಠವಾದರೋ 1886ರಲ್ಲಿ ಅವಳು ಅದಕ್ಕೆ ಸಂಪೂರ್ಣ ಒಡತಿಯೆಂದು ತೀರ್ಮಾನಿಸಿತು. ಇತ್ತ ಮನೆಯಳಿಯನನ್ನು ತಂದುಕೊಳ್ಳುವ ಕುಟುಂಬಗಳು ಬರಿಯ ಮಾತನ್ನು ನಂಬುವಂತಿರಲಿಲ್ಲ: ಅತ್ತೆಯ ಮನೆಯನ್ನು ಬಿಟ್ಟು ಹೋಗೆನೆಂದು ವರನು ಮದುವೆಗೆ ಮುನ್ನ ಒಪ್ಪಿದ್ದ ಕರಾರನ್ನು ಕಲಕತ್ತೆಯ ಹೈಕೋರ್ಟು 1901ರಲ್ಲಿ ಲೋಕನೀತಿಗೆ ವಿರುದ್ಧವೆಂದು ತಳ್ಳಿಹಾಕಿತು. ಮಗಳಿಗೆ ನಿಜವಾದ ಆಸರೆಯೆಂದರೆ ತಂದೆಯು ಅವಳ ಹೆಸರಿಗೇ ನೋಂದಣಿ ಮಾಡಿಸಿದ ಬಕ್ಷೀಸುಪತ್ರ, ಇಲ್ಲವೆ ಮೃತ್ಯುಪತ್ರ.

ಜಿಲ್ಲೆಯ ಬಡಗಣ ಎಲ್ಲೆಯಾಚೆ, ಗೋವೆಯಲ್ಲಿ, 1867ರ ಪೋರ್ಚುಗೀಸ್ ಸಂಹಿತೆಯು ಬೇರೆಯದೇ ಹಾದಿ ಹಿಡಿದಿತ್ತು. ಮದುವೆಗೆ ಮುನ್ನ ದಸ್ತಾವೇಜು ಬರೆಯಿಸಿ ಸ್ವತ್ತನ್ನು ಪ್ರತ್ಯೇಕವಾಗಿರಿಸಿಕೊಳ್ಳಬಹುದು; ಬರೆಯಿಸದಿದ್ದರೆ ದಂಪತಿಗಳ ಸ್ವತ್ತೆಲ್ಲ ಇಬ್ಬರಿಗೂ ಸಮಾನ. ಘಟ್ಟದ ಈಚಿನ ಗೃಹಿಣಿಗೆ ಅಂಥ ಅರ್ಧಭಾಗವು ಎಂದೂ ಪ್ರಾಪ್ತವಾಗಲಿಲ್ಲ.

1937ರ ಕಾಯಿದೆಯು ವಿಧವೆಗೆ ಪತಿಯ ಭಾಗದಲ್ಲಿ ಪರಿಮಿತವಾದ ಹಕ್ಕನ್ನಿತ್ತಿತು. 1956ರ ಉತ್ತರಾಧಿಕಾರ ಕಾಯಿದೆಯು ಆ ಮಿತಿಯನ್ನು ಅಳಿಸಿತು. 1994ರಲ್ಲಿ ಕರ್ನಾಟಕವು ಮಗಳನ್ನು ಅವಿಭಕ್ತ ಕುಟುಂಬದ ಸಹಭಾಗಿನಿಯನ್ನಾಗಿಸಿತು. ಇವುಗಳ ನಡುವೆ, ಯಾರ ಗಮನವನ್ನೂ ಅಷ್ಟಾಗಿ ಸೆಳೆಯದೆ, 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮವೊಂದಿದೆ. ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು, ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರುಗಳೊಡನೆ ಬರೆದು, ವಧೂವರರಿಬ್ಬರೂ ಸಹಿ ಹಾಕಬೇಕು. ಆ ಪಟ್ಟಿ ವಧುವಿನ ವಶದಲ್ಲಿಯೇ ಇರಬೇಕು. ಸತಿಪತಿಗಳಿಬ್ಬರ ಹಸ್ತಾಕ್ಷರಗಳುಳ್ಳ, ಸ್ವತ್ತನ್ನು ಕುರಿತ ಕಾಗದವನ್ನು ವಿವಾಹದ ವೇಳೆಗೇ, ಇಲ್ಲವೆ ಅದಾದ ಮೇಲೆ ಆದಷ್ಟು ಬೇಗನೆ, ಕೇಳಿದ ನಿಯಮವಿದು. ನಮ್ಮ ಮದುವೆಯ ಚಪ್ಪರಗಳಲ್ಲಿ ಮುಯ್ಯಿಯನ್ನು ಶ್ರದ್ಧೆಯಿಂದ ಬರೆದಿಡುವ ಹಿರಿಯರು ಈ ಪಟ್ಟಿಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಿಸಿ, ಓದಿ ಹೇಳಿ, ಮಗಳ ಕೈಗೆ ಕೊಟ್ಟು ಕಳುಹಿಸಲೆಂಬುದು ನನ್ನ ಹಾರೈಕೆ.