ಬ್ರಿಟನ್ನಿನ ಟಿವಿ ವೀಕ್ಷಕರ ಲೆಕ್ಕ: ಸಂದರ್ಶನದಿಂದ ಮೀಟರಿನವರೆಗೆ

ಬ್ರಿಟನ್ನಿನಲ್ಲಿ ಬಿಬಿಸಿಯ ನಿಯಮಿತ ಟಿವಿ ಪ್ರಸಾರವೂ ಅದರ ಶ್ರೋತೃ ಸಂಶೋಧನೆಯೂ 1936ರಲ್ಲೇ ಶುರುವಾದವು. ರಾಬರ್ಟ್ ಸಿಲ್ವಿ ಕಟ್ಟಿದ ಸಂಶೋಧನಾ ವಿಭಾಗ ಮೊದಲು ಎಣಿಸಿದ್ದು ರೇಡಿಯೊ ಕೇಳುಗರನ್ನು. ಸಂದರ್ಶಕರು ಜನರನ್ನು ಕಂಡು, ಹಿಂದಿನ ದಿನ ಏನೇನು ಕೇಳಿದಿರಿ ಎಂದು ವಿಚಾರಿಸುತ್ತಿದ್ದರು. 1950ರ ದಶಕದಲ್ಲಿ ಇದೇ ಸಮೀಕ್ಷೆಗೆ ಟಿವಿಯೂ ಸೇರಿತು. 1953ರ ಜೂನ್ 2ರಂದು ನಡೆದ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ಸುಮಾರು 2 ಕೋಟಿ ಜನ ನೋಡಿದರು. ಅವರಲ್ಲಿ ಅರ್ಧದಷ್ಟು ಮಂದಿ ನೋಡಿದ್ದು ನೆಂಟರಿಷ್ಟರ, ನೆರೆಹೊರೆಯವರ ಮನೆಗಳಲ್ಲಿ. ವ್ಯಕ್ತಿಗಳನ್ನೇ ಕೇಳಿ ಎಣಿಸಿದ್ದರಿಂದ ಈ ಸಂಗತಿ ತಿಳಿಯಿತು.

1955ರ ಸೆಪ್ಟೆಂಬರಿನಲ್ಲಿ ಬಂದ ಐಟಿವಿ ಜಾಹೀರಾತಿನಿಂದ ನಡೆಯುವ ವಾಹಿನಿ. ಹಣ ಹೂಡುವ ಕಂಪನಿಗಳಿಗೆ ನಿಖರವಾದ ಲೆಕ್ಕ ಬೇಕಿತ್ತು. ಅದಕ್ಕಾಗಿ 'ಟ್ಯಾಮ್' ಸಂಸ್ಥೆ ಆಯ್ದ ಮನೆಗಳ ಟಿವಿಗೆ ಮೀಟರ್ ಜೋಡಿಸಿತು. 1968ರಲ್ಲಿ ಈ ಕೆಲಸ ಎಜಿಬಿ ಸಂಸ್ಥೆಯ ಪಾಲಾಯಿತು. ಮೀಟರ್ ಹೇಳುತ್ತಿದ್ದುದು ಯಾವ ಮನೆಯಲ್ಲಿ ಯಾವ ವಾಹಿನಿ ಹಾಕಿತ್ತು ಎಂಬುದನ್ನಷ್ಟೆ. ಬಿಬಿಸಿ ಜನರನ್ನು ಎಣಿಸಿದರೆ ಐಟಿವಿ ಮನೆಗಳನ್ನು ಎಣಿಸುತ್ತಿತ್ತು. ಹೀಗಾಗಿ ಒಂದೇ ವಾರಕ್ಕೆ ತಾಳೆಯಾಗದ ಎರಡು ಲೆಕ್ಕಗಳು ಬರುತ್ತಿದ್ದವು. ಪ್ರಸಾರ ಕ್ಷೇತ್ರವನ್ನು ಪರಿಶೀಲಿಸಿದ ಅನ್ನನ್ ಸಮಿತಿ 1977ರಲ್ಲಿ ಜಂಟಿ ವ್ಯವಸ್ಥೆಗೆ ಶಿಫಾರಸು ಮಾಡಿತು. ಅದರಂತೆ ಎರಡೂ ಕಡೆಯವರ ಜಂಟಿ ಎಣಿಕೆ ಸಂಸ್ಥೆ 'ಬಾರ್ಬ್' 1981ರಲ್ಲಿ ಕಾರ್ಯಾರಂಭ ಮಾಡಿತು.

1980ರ ದಶಕದಲ್ಲಿ ಬಂದ ಪೀಪಲ್ ಮೀಟರ್ ಮನೆ ಮತ್ತು ವ್ಯಕ್ತಿ ಎರಡನ್ನೂ ಒಟ್ಟಿಗೆ ದಾಖಲಿಸಿತು. ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದು ಗುಂಡಿ. ಟಿವಿ ಇರುವ ಕೋಣೆಗೆ ಬಂದಾಗ, ಎದ್ದು ಹೋಗುವಾಗ ಅದನ್ನು ಒತ್ತಬೇಕು. ಅತಿಥಿಗಳಿಗೂ ಗುಂಡಿಯುಂಟು. ವಯಸ್ಸು, ಪ್ರದೇಶ, ವರ್ಗಗಳ ಪ್ರಮಾಣ ನೋಡಿ ಆಯ್ದ ಕೆಲವು ಸಾವಿರ ಮನೆಗಳಿಂದ ಇಡೀ ದೇಶದ ಅಂಕಿಯನ್ನು ಅಂದಾಜಿಸಲಾಗುತ್ತದೆ.

ಅತಿ ದೊಡ್ಡ ಅಂಕಿಗಳು ದಾಖಲಾದದ್ದು ವಾಹಿನಿಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ. 1966ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ಬಿಬಿಸಿ, ಐಟಿವಿ ಎರಡರಲ್ಲೂ ಬಂದು ಸುಮಾರು 3.2 ಕೋಟಿ ವೀಕ್ಷಕರನ್ನು ಗಳಿಸಿತು. 1960ರಲ್ಲಿ ಆರಂಭವಾದ ಐಟಿವಿಯ 'ಕೊರೊನೇಶನ್ ಸ್ಟ್ರೀಟ್' ಧಾರಾವಾಹಿ ವಾರದ ಪಟ್ಟಿಗಳ ಮೇಲ್ತುದಿಯಲ್ಲಿ ದಶಕಗಳ ಕಾಲ ಕಾಣಿಸಿಕೊಂಡಿತು. ಅದಕ್ಕೆ ಪೈಪೋಟಿಯಾಗಿ ಬಿಬಿಸಿ 1985ರಲ್ಲಿ ತಂದ 'ಈಸ್ಟ್‌ಎಂಡರ್ಸ್' ಧಾರಾವಾಹಿಯ ಮರುವರ್ಷದ ಕ್ರಿಸ್‌ಮಸ್ ಕಂತಿಗೆ 3 ಕೋಟಿ ದಾಟಿದ ಲೆಕ್ಕವಿದೆ; ಆದರೆ ಅದರಲ್ಲಿ ಮರುಪ್ರಸಾರದ ವೀಕ್ಷಕರೂ ಸೇರಿದ್ದಾರೆ. 1979ರ ಅಕ್ಟೋಬರಿನಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಸರಣಿಯ ಒಂದು ಕಂತು 1.6 ಕೋಟಿ ಮುಟ್ಟಿದಾಗ ಮುಷ್ಕರದಿಂದಾಗಿ ಐಟಿವಿ ಬಂದ್ ಆಗಿತ್ತು. ವೀಕ್ಷಕರಿಗೆ ಆಯ್ಕೆಯೇ ಕಡಿಮೆಯಿದ್ದ ಆ ವಾರಗಳ ಅಂಕಿಯನ್ನು ಸರಣಿಯ ಜನಪ್ರಿಯತೆಯ ಸಹಜ ಅಳತೆ ಎನ್ನಲಾಗದು. ನೋಡಿದವರು ಎಷ್ಟು ಮೆಚ್ಚಿದರು ಎಂಬುದನ್ನು ತಿಳಿಯಲು ನೂರಕ್ಕೆ ಅಂಕ ಕೊಡಿಸುವ ಮೆಚ್ಚುಗೆ ಸೂಚ್ಯಂಕವೊಂದು ಬೇರೆಯೇ ಇದೆ.

1982ರಲ್ಲಿ ಚಾನೆಲ್ 4 ಬಂತು; ಆಮೇಲೆ ಉಪಗ್ರಹ ಮತ್ತು ಡಿಜಿಟಲ್ ವಾಹಿನಿಗಳು ಬಂದು ವೀಕ್ಷಕರು ಹಂಚಿಹೋದರು. ವಿಸಿಆರ್‌ನಲ್ಲಿ ಮುದ್ರಿಸಿಕೊಂಡು ನೋಡುವವರು 1991ರಿಂದ ಲೆಕ್ಕಕ್ಕೆ ಸೇರಿದರು. ಪ್ರಸಾರದ ಮರುದಿನ ಸಿಗುವ ಅಂಕಿ ಒಂದಾದರೆ, ಏಳು ದಿನಗಳೊಳಗೆ ನೋಡಿದವರನ್ನೂ ಕೂಡಿಸಿದ ಅಂಕಿ ಇನ್ನೊಂದು. 2018ರಲ್ಲಿ ಕಂಪ್ಯೂಟರ್, ಟ್ಯಾಬ್ಲೆಟ್, ಮೊಬೈಲ್ ವೀಕ್ಷಣೆಯೂ ಕೂಡಿಕೊಂಡಿತು. 2022ರಲ್ಲಿ ನೆಟ್‌ಫ್ಲಿಕ್ಸ್ ಬಾರ್ಬ್‌ನ ಸದಸ್ಯ ಸಂಸ್ಥೆಯಾಯಿತು. 2024ರ ಕ್ರಿಸ್‌ಮಸ್ ದಿನ ಬಂದ 'ಗ್ಯಾವಿನ್ ಅಂಡ್ ಸ್ಟೇಸಿ' ಸರಣಿಯ ಕೊನೆಯ ಕಂತಿಗೆ ಮರುದಿನದ ಲೆಕ್ಕದಲ್ಲಿ 1.23 ಕೋಟಿ ವೀಕ್ಷಕರಿದ್ದರು. ತಡವಾಗಿ ನೋಡಿದವರೂ ಸೇರಿದಾಗ ಅದು 1.8 ಕೋಟಿ ಮೀರಿತು.

ಆದ್ದರಿಂದ 1966ರ, 1986ರ ಮತ್ತು 2024ರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಇಟ್ಟು ಸ್ಥಾನ ಕೊಡುವುದು ಸರಿಯಲ್ಲ. ಎಣಿಸಿದ ವಿಧಾನ, ಅಂದು ಎದುರಿಗಿದ್ದ ಆಯ್ಕೆಗಳು, ಮರುಪ್ರಸಾರ ಸೇರಿದೆಯೇ ಇಲ್ಲವೇ ಎಂಬ ಮೂರು ಮಾಹಿತಿಗಳಿಲ್ಲದೆ ಯಾವ ಅಂಕಿಯೂ ಜನಪ್ರಿಯತೆಗೆ ಪುರಾವೆಯಾಗದು.