ಗುಡ್ಡದ ಕವಳೆಗೂ ಒಂದು ಚರಿತ್ರೆ ಇದೆ

ಚಿತ್ರದುರ್ಗದ ಜೋಗಿಮಟ್ಟಿ ತಪ್ಪಲು, ಹಿರಿಯೂರು, ಹೊಸದುರ್ಗದ ಕಲ್ಲುಗುಡ್ಡಗಳ ಕುರುಚಲಲ್ಲಿ ಕವಳೆ ಪೊದೆ ಸಿಗ್ತದೆ. ಮುಳ್ಳು ಗಿಡ, ಎಲೆ ಚಿವುಟಿದರೆ ಹಾಲು, ಮಲ್ಲಿಗೆಯಂಥ ಬಿಳಿ ಹೂವು. ಕಾಯಿ ಕೆಂಪಾಗಿ, ಮುಂಗಾರಿಗೆ ಕಡುಗಪ್ಪು ಹಣ್ಣು. (ಹಾಲು ಬರೋದೆಲ್ಲ ಕವಳೆಯಲ್ಲ, ಬಲ್ಲವರನ್ನ ಕೇಳಿಯೇ ತಿನ್ನಿ.)

1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಜನ ಸತ್ತರು. ಹೊಲವೇ ಇಲ್ಲದ ನಮ್ಮವರಿಗೆ ಕಣಜ ಎಲ್ಲಿಂದ ಬರಬೇಕು? ಇಂಥ ಗುಡ್ಡಗಳೇ ಕಣಜ. ಆಮೇಲೆ 1900ರಲ್ಲಿ ಸಂಸ್ಥಾನದ ಅರಣ್ಯ ಕಾಯ್ದೆ ಬಂತು. ಕಾದಿಟ್ಟ ಕಾಡಲ್ಲಿ ಅಪ್ಪಣೆ ಇಲ್ಲದೆ ಕಿತ್ತರೆ ಅಪರಾಧ.

ನಮ್ಮಜ್ಜಿ ಕವಳೆ ಹಣ್ಣು ಸೆರಗಲ್ಲಿ ಕಟ್ಕೊಂಡು ಬರೋಳು. ಗಾರ್ಡ್ ಕಂಡರೆ ಅಷ್ಟೂ ಪೊದೆಗೆ ಸುರಿದುಬಿಡೋಳಂತೆ. ಸೆರಗಿನ ಕಲೆ ಮಾತ್ರ ಹೋಗ್ತಿರಲಿಲ್ಲ.

ಹೊಳಲ್ಕೆರೆ ಕಡೆಯವರು ಇದಕ್ಕೆ ಏನಂತೀರಿ? ನಿಮ್ಮ ಅಜ್ಜಿಯರನ್ನ ಕೇಳಿ ಬರೀರಿ.